ಪರ್ದಾ ಹಾಕಿದವಳ ಇಂಗ್ಲಿಷ್ ಕೇಳಿ ಊರಿಗೇಕೆ ಅಚ್ಚರಿ? ಕಾಸರಗೋಡಿನ ಕನ್ನಡಿಗರ ಚರ್ಚೆ

ಕುಂಬಳೆ ಟೀಚರ್

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯವಳು. 10ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಈಗ ಹೈಯರ್ ಸೆಕೆಂಡರಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ, ಹೊರಗೆ ಹೋಗುವಾಗ ಪರ್ದಾ ಹಾಕುತ್ತೇನೆ. ಈ ಮೂರೂ ಒಬ್ಬಳಲ್ಲೇ ಇರುವುದು ನಮ್ಮ ಜಿಲ್ಲೆಯಲ್ಲಿ ಅನೇಕರಿಗೆ ಇನ್ನೂ ಒಗಟು.

ಬ್ಯಾಂಕಿನಲ್ಲೋ ರೈಲಿನಲ್ಲೋ ನಾನು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದ ತಕ್ಷಣ ಎದುರಿನವರ ಮುಖಭಾವ ಬದಲಾಗುತ್ತದೆ. "ಎಷ್ಟು ಚೆಂದ ಮಾತಾಡ್ತೀರಿ, ಮನೆಯವರು ಬಿಟ್ಟರಾ ಓದಲಿಕ್ಕೆ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ಕೆಡುಕಿರುವುದಿಲ್ಲ, ಹೊಗಳುತ್ತಿದ್ದೇವೆ ಎಂದೇ ಅವರು ತಿಳಿದಿರುತ್ತಾರೆ. ಆದರೆ ನನ್ನ ಜೊತೆ ಕೆಲಸ ಮಾಡುವ, ನನ್ನಷ್ಟೇ ಓದಿದ, ಸೀರೆ ಉಟ್ಟು ಬರುವ ಸಹೋದ್ಯೋಗಿಯನ್ನು ಯಾರೂ ಮನೆಯವರು ಬಿಟ್ಟರೇ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನನ್ನ ಇಂಗ್ಲಿಷಿನಿಂದ ಜನರು ನನ್ನ ಉಪ್ಪನ (ಅಪ್ಪನ) ಸ್ವಭಾವ, ಗಂಡನ ಉದಾರತೆ, ಸಮುದಾಯದ ಪ್ರಗತಿ ಎಲ್ಲವನ್ನೂ ಲೆಕ್ಕ ಹಾಕಿಬಿಡುತ್ತಾರೆ.

ಕನ್ನಡದಲ್ಲಿ ಮಾತನಾಡಿದಾಗ ಆಗುವ ಅಚ್ಚರಿ ಬೇರೆ ಬಗೆಯದು. ಇಂಗ್ಲಿಷಿನ ಅಚ್ಚರಿ ಮೆಚ್ಚುಗೆಯಲ್ಲಿ ಮುಗಿದರೆ ಕನ್ನಡದ ಅಚ್ಚರಿ ವಿಚಾರಣೆಯಾಗಿ ಬೆಳೆಯುತ್ತದೆ: ನೀವು ಮೂಲತಃ ಎಲ್ಲಿಯವರು, ಯಾರ ಹತ್ತಿರ ಕಲಿತಿರಿ, ಮನೆಯಲ್ಲಿ ಯಾವ ಭಾಷೆ? ಹುಟ್ಟಿದ ಊರಿನ ಶಾಲೆಯಲ್ಲಿ ಕಲಿತೆ ಎಂದರೆ ಉತ್ತರ ಸಾಲುವುದಿಲ್ಲ. ಈ ಎರಡು ಅಚ್ಚರಿಗಳ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ತಿಳಿಯುವ ಕುತೂಹಲ ನನಗಿದೆ.

ಬದಿಯಡ್ಕದ ನಿವೃತ್ತ ಅಧ್ಯಾಪಕ

ಟೀಚರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಅಚ್ಚರಿಯನ್ನೆಲ್ಲ ಪೂರ್ವಗ್ರಹವೆಂದು ತಳ್ಳಿಹಾಕುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಐದನೆಯ ತರಗತಿಯಲ್ಲಿ ಬೆಂಚು ತುಂಬ ಇದ್ದ ಮುಸ್ಲಿಂ ಹುಡುಗಿಯರು ಏಳಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಮನೆಗೆ ಹೋಗಿ ಕೇಳಿದರೆ ಮದುವೆ ಗೊತ್ತಾಗಿದೆ ಎನ್ನುವ ಉತ್ತರ ಸಿಗುತ್ತಿತ್ತು. ಅದನ್ನು ಕಣ್ಣಾರೆ ಕಂಡ ತಲೆಮಾರಿಗೆ ಇಂದು ನಿಮ್ಮಂಥವರನ್ನು ಕಂಡಾಗ ಆಗುವುದು ಸಂತೋಷವೇ ಹೊರತು ತಾತ್ಸಾರವಲ್ಲ.

ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಇದೇ ಚಂದ್ರಗಿರಿ ಹೊಳೆಯ ಬದಿಯಲ್ಲಿ ಹುಟ್ಟಿ, ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಮದುವೆಯ ಕಾರಣಕ್ಕೆ ಓದು ನಿಂತರೂ ಎಷ್ಟೋ ವರ್ಷಗಳ ಅನಂತರ ಕನ್ನಡದಲ್ಲಿ ಬರೆಯತೊಡಗಿ, 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಕನ್ನಡದ ಲೇಖಕಿಯಾಗಿಯೇ ಉಳಿದರು. ಅವರ ಮೊದಲ ಕಾದಂಬರಿ ಇಂಗ್ಲಿಷಿಗೆ ಹೋದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಕನ್ನಡ ಓದುಗರು ಅವರನ್ನು ಸುಮಾರು ಇಪ್ಪತ್ತು ವರ್ಷ ಓದಿಯಾಗಿತ್ತು. ನಮ್ಮವರು ಇಂಗ್ಲಿಷ್ ಕಂಡ ಮೇಲೆಯೇ ಗೌರವ ಕೊಡುತ್ತಾರೆ ಎನ್ನುವ ಮಾತನ್ನು ಅವರ ವಿಷಯದಲ್ಲಿಯಾದರೂ ನಾನು ಒಪ್ಪಲಾರೆ.

ಇನ್ನೊಂದು ಮಾತು, ಕಟುವಾಗಿ ಕೇಳಿಸಿದರೆ ಕ್ಷಮಿಸಬೇಕು. ಇಂದು ಕನ್ನಡ ಮಾಧ್ಯಮವನ್ನು ಬಿಟ್ಟು ಇಂಗ್ಲಿಷ್ ಶಾಲೆಗೆ ಹೋಗುವವರಲ್ಲಿ ಮುಸ್ಲಿಂ ಮನೆಗಳ ಮಕ್ಕಳೂ ಬಹಳ ಇದ್ದಾರೆ. ಕನ್ನಡದಲ್ಲಿ ನಮ್ಮನ್ನು ಯಾರೂ ಗುರುತಿಸುವುದಿಲ್ಲ ಎಂದು ದೂರುವ ಮೊದಲು ಅದನ್ನೂ ನೋಡಬೇಕಲ್ಲವೇ?

ತಳಂಗರೆಯ ಓದುಗ

ಮಾಷ್ಟ್ರು ನೆನಪಿನಿಂದ ಬರೆದರು, ನಾನು ಸ್ವಲ್ಪ ಹಿಂದಿನ ಚರಿತ್ರೆಯನ್ನು ಸೇರಿಸುತ್ತೇನೆ. ಇಂಗ್ಲಿಷಿನ ಬಗ್ಗೆ ನಮ್ಮ ಸಮುದಾಯಕ್ಕಿದ್ದ ಹಗೆತನ ಗಾಳಿಯಿಂದ ಬಂದದ್ದಲ್ಲ. ಇಂಗ್ಲಿಷ್ ಕಲಿಸುವ ಶಾಲೆಗಳಲ್ಲಿ ಹೆಚ್ಚಿನವು ಮಿಷನ್ ಶಾಲೆಗಳಾಗಿದ್ದವು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ದಕ್ಷಿಣಕ್ಕೆ ಮಲಬಾರಿನಲ್ಲಿ ಬ್ರಿಟಿಷರ ಜೊತೆ ಒಂದಾದ ಮೇಲೊಂದು ಸಂಘರ್ಷ ನಡೆದು, 1921ರ ಬಂಡಾಯದಲ್ಲಿ ಅದು ರಕ್ತಪಾತಕ್ಕೆ ಮುಟ್ಟಿತು. ಆಳುವವನ ಭಾಷೆ ಕಲಿತರೆ ಮಕ್ಕಳು ಮತ ಬಿಡುತ್ತಾರೆ ಎಂದು ಹೆದರಿದ ಉಸ್ತಾದರು (ಮತಬೋಧಕರು) ಅದನ್ನು ನರಕದ ಭಾಷೆ ಎಂದರು. ಆ ಹೆದರಿಕೆಗೆ ಕಾರಣ ಇತ್ತು, ಆದರೆ ಅದರ ಬೆಲೆ ತೆತ್ತವರು ಮುಖ್ಯವಾಗಿ ಹೆಣ್ಣುಮಕ್ಕಳು. ಗಂಡುಮಕ್ಕಳು ವ್ಯಾಪಾರಕ್ಕೆಂದು ಬೊಂಬಾಯಿಗೆ, ಕೊಲಂಬೊಗೆ ಹೋಗಿ ನಾಲ್ಕು ಭಾಷೆ ಕಲಿತು ಬಂದರೆ ಹೆಣ್ಣುಮಕ್ಕಳಿಗೆ ಹೊಸ್ತಿಲೇ ಗಡಿಯಾಗಿತ್ತು.

ಒಳಗಿನಿಂದ ವಿರೋಧಿಸಿದವರೂ ಇದ್ದರು. ಮಲಬಾರಿನ ಮುಸ್ಲಿಂ ಸುಧಾರಕ ಸನಾವುಲ್ಲಾ ಮಕ್ತಿ ತಂಙಳ್ 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಮಲಯಾಳವನ್ನೂ ಇಂಗ್ಲಿಷನ್ನೂ ಕಲಿಯಿರಿ ಎಂದು ಬರೆದು ಬೈಸಿಕೊಂಡರು. ಅವರ ಬಳಿಕ ವಕ್ಕಂ ಮೌಲವಿ ಅದೇ ಮಾತನ್ನು ತಿರುವಾಂಕೂರಿನಲ್ಲಿ ಹೇಳಿದರು. ಹೇಳುವುದು ಒಂದು, ತನ್ನ ಮಗಳನ್ನೇ ಕಳಿಸುವುದು ಇನ್ನೊಂದು. ಆ ಎರಡನೆಯ ಕೆಲಸವನ್ನು ಮಾಡಿದ್ದು ತಲಶ್ಶೇರಿಯ ಮಾಳಿಯೇಕಲ್ ಮನೆತನ. ಆ ಮನೆಯ ಮರಿಯುಮ್ಮ ಸ್ವಾತಂತ್ರ್ಯಕ್ಕೆ ಮೊದಲೇ ಸೇಕ್ರೆಡ್ ಹಾರ್ಟ್ ಕಾನ್ವೆಂಟಿಗೆ ಹೋಗಿ ಇಂಗ್ಲಿಷ್ ಕಲಿತರು. ದಾರಿಯಲ್ಲಿ ಗೇಲಿ ಮಾಡಿದವರು, ಉಗಿದವರು ಇದ್ದರೆಂದು ಮುಪ್ಪಿನಲ್ಲಿ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಊರಿನವರ ಬಾಯಲ್ಲಿ ಅವರು ಕೊನೆಗೆ "ಇಂಗ್ಲಿಷ್ ಮರಿಯುಮ್ಮ" ಆದರು. 2022ರ ಆಗಸ್ಟ್‌ನಲ್ಲಿ ತೀರಿಕೊಳ್ಳುವ ಕಾಲಕ್ಕೆ ಅವರಿಗೆ 90 ದಾಟಿತ್ತು, ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆ ಓದುವ ಅಭ್ಯಾಸವನ್ನು ಆ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಉಗಿದ ಊರೇ ಹೆಮ್ಮೆಯಿಂದ ಅಡ್ಡಹೆಸರು ಕೊಡುವುದಕ್ಕೆ ಒಂದು ಆಯುಷ್ಯವೇ ಬೇಕಾಯಿತು.

ಬಂಗಾಳದ ಬೇಗಂ ರುಕಯ್ಯಾ ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತು, 1905ರಲ್ಲಿ ಅದೇ ಭಾಷೆಯಲ್ಲಿ ಒಂದು ಕಥೆ ಬರೆದರು. ಗಂಡಸರು ಒಳಗೆ, ಹೆಂಗಸರು ಆಡಳಿತದಲ್ಲಿ ಇರುವ ದೇಶದ ಕಥೆ ಅದು. ಅಚ್ಚಾದದ್ದು ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ. ಆಗ ನಮ್ಮ ಕಾಸರಗೋಡೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಷ್ಟೆಲ್ಲ ನಡೆದು ನೂರು ವರ್ಷ ಕಳೆದ ಮೇಲೂ ಅಚ್ಚರಿಪಡುವವರು ಮುಸ್ಲಿಂ ಹೆಣ್ಣುಮಕ್ಕಳನ್ನು ಎಂದೂ ಗಮನಿಸಿಲ್ಲ ಎಂದೇ ನಾನು ತಿಳಿಯುತ್ತೇನೆ.

ಹೊಸಂಗಡಿಯವಳು

ಚರಿತ್ರೆ ನನಗೆ ಅಷ್ಟು ಗೊತ್ತಿಲ್ಲ. ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಉಮ್ಮನನ್ನು (ತಾಯಿಯನ್ನು) ದಾಖಲು ಮಾಡಿದ್ದಾಗ ಕಂಡದ್ದನ್ನು ಬರೆಯುತ್ತೇನೆ. ತಲಪಾಡಿ ದಾಟಿ ಬರುವ ನಮಗೆ ಆ ಆಸ್ಪತ್ರೆಗಳೇ ಗತಿ ಎಂಬುದು ಎಲ್ಲರಿಗೂ ಗೊತ್ತು. ರೌಂಡ್ಸಿಗೆ ಬಂದ ಕಿರಿಯ ವೈದ್ಯರು ನಮ್ಮಿಬ್ಬರ ಪರ್ದಾ ನೋಡಿ, ಹರಕು ಹಿಂದಿಯಲ್ಲಿ, ಕಿವಿ ಕೇಳದವರಿಗೆ ಹೇಳುವಂತೆ ದೊಡ್ಡ ದನಿಯಲ್ಲಿ, ಮಾತ್ರೆಯ ಪಟ್ಟಿಯನ್ನು ಎತ್ತಿ ಹಿಡಿದು "ಖಾನಾ ಕೆ ಬಾದ್" ಎಂದು ಎರಡು ಸಲ ಹೇಳಿದರು. ನಮ್ಮ ಮನೆಯಲ್ಲಿ ಯಾರಿಗೂ ಹಿಂದಿ ಸರಿಯಾಗಿ ಬರುವುದಿಲ್ಲ, ನಾವು ಮಾತನಾಡುವುದು ಮಲಯಾಳ ಮತ್ತು ಬ್ಯಾರಿ. ನಾನು ಕನ್ನಡದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆಯ ಅಂಕಿ) ಎಷ್ಟು ಬಂದಿದೆ ಎಂದು ಕೇಳಿದೆ. ಅವರು ನನ್ನ ಬದಲು ನರ್ಸಿನ ಕಡೆ ತಿರುಗಿ ಏನೋ ಹೇಳಿದರು. ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದ ಮೇಲೆ ಫೈಲು ತೆರೆದು, ಹಿಂದಿನ ವಾರದ ಅಂಕಿಯನ್ನೂ ಈ ವಾರದ ಅಂಕಿಯನ್ನೂ ಬೆರಳಿಟ್ಟು ತೋರಿಸಿ, ಐದು ನಿಮಿಷ ನಿಂತು ವಿವರಿಸಿದರು.

ಟೀಚರ್ ಹೇಳಿದ ಮೆಚ್ಚುಗೆ ಬಿಡಿ, ಆ ಐದು ನಿಮಿಷ ನಮಗೆ ಬೇಕಾಗಿದ್ದದ್ದು. ಪಕ್ಕದ ಹಾಸಿಗೆಯಲ್ಲಿದ್ದ ಉಪ್ಪಿನಂಗಡಿ ಕಡೆಯ ಮುದುಕಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವರಿಗೂ ಆ ಐದು ನಿಮಿಷ ಸಿಗಲಿಲ್ಲ, ಅವರು ಹಿಂದೂ. ಆದ್ದರಿಂದ ಇದು ಮತದ ಪ್ರಶ್ನೆಗಿಂತ ದುಡ್ಡು ಮತ್ತು ಓದಿನ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ಆದರೆ ಆ ಮುದುಕಿಯೊಂದಿಗೆ ವೈದ್ಯರು ಮೊದಲಿನಿಂದಲೂ ಕನ್ನಡದಲ್ಲೇ ಮಾತನಾಡಿದ್ದರು ಎಂಬುದನ್ನೂ ಹೇಳಬೇಕು.

ಎಣ್ಮಕಜೆ ಕೃಷಿಕ

ಎಲ್ಲರೂ ಹೊರಗಿನವರ ನೋಟವನ್ನೇ ಹಿಡಿದುಕೊಂಡಿದ್ದೀರಿ. ನಿಮ್ಮೊಳಗಿನ ನೋಟ ಹೇಗಿದೆ ಎಂದು ಕೇಳಬಹುದೇ? ನಮ್ಮ ತೋಟದ ಅಡಿಕೆ ಕೊಳ್ಳುವ ವ್ಯಾಪಾರಿಯ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದವಳು. ಡಿಗ್ರಿ ಮುಗಿಯುವ ಮೊದಲೇ ಮದುವೆಯಾಯಿತು. ಹುಡುಗ ಗಲ್ಫಿನಲ್ಲಿ ಇರುವುದರಿಂದ ಇಂಗ್ಲಿಷ್ ಬರುವ ಹುಡುಗಿಯೇ ಬೇಕು ಎಂದಿದ್ದರಂತೆ. ಹಾಗಿದ್ದರೆ ಆ ಇಂಗ್ಲಿಷ್ ಅವಳ ಉದ್ಯೋಗಕ್ಕೆ ಬಂತೋ ಮದುವೆಯ ಮಾತುಕತೆಗೆ ಬಂತೋ? ಇದನ್ನು ಚುಚ್ಚಲು ಕೇಳುತ್ತಿಲ್ಲ. ನಮ್ಮ ಜಾತಿಯಲ್ಲೂ ಹುಡುಗಿಯ ಬಿ.ಇ. ಪದವಿ ಎಷ್ಟೋ ಸಲ ಜಾತಕದ ಜೊತೆಗಿಡುವ ಕಾಗದವೇ ಆಗಿದೆ.

ಉಪ್ಪಳದ ಉಮ್ಮ (ಹೇಳಿದ್ದನ್ನು ಮಗಳು ಬರೆಯುತ್ತಿದ್ದಾಳೆ)

ಕೃಷಿಕರಣ್ಣ, ನೀವು ಕೇಳಿದ್ದು ನಿಜ. ನನ್ನ ದೊಡ್ಡ ಸೊಸೆಯನ್ನು ನೋಡಲು ಹೋದಾಗ ನಾವೂ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದವರೇ. ಮೊಮ್ಮಕ್ಕಳ ಪಾಠಕ್ಕೆ ಆಗುತ್ತದೆ ಎನ್ನುವುದು ನಮ್ಮ ಲೆಕ್ಕವಾಗಿತ್ತು. ಈಗ ಅವಳು ಮಕ್ಕಳಿಗೂ ಹೇಳಿಕೊಡುತ್ತಾಳೆ, ವಿದೇಶಕ್ಕೆ ನರ್ಸ್ ಕೆಲಸಕ್ಕೆ ಹೋಗುವವರ ಪರೀಕ್ಷೆಗೂ ಓದುತ್ತಿದ್ದಾಳೆ. ಮದುವೆಗೆಂದು ಕಲಿಸಿದ್ದು ಅಲ್ಲಿಗೇ ನಿಲ್ಲಲಿಲ್ಲ. ಮಗ ಒಪ್ಪಿದ್ದಾನೆ, ನನಗೆ ಸ್ವಲ್ಪ ಹೆದರಿಕೆ ಇದೆ, ಆದರೂ ಬೇಡ ಎಂದಿಲ್ಲ.

ನನ್ನ ವಿಷಯ ಹೇಳುವುದಾದರೆ, ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ. ಆದರೆ ಮದರಸದಲ್ಲಿ ಕಲಿತ ಅರಬಿ ಲಿಪಿಯಲ್ಲಿ ಮಲಯಾಳ ಓದುತ್ತೇನೆ, ಮಾಲೆಪಾಟು ಎನ್ನುವ ಭಕ್ತಿಯ ಹಾಡುಗಳನ್ನು ಓದುತ್ತೇನೆ, ಹಿಂದೆ ಗಂಡ ಶಾರ್ಜಾದಲ್ಲಿದ್ದಾಗ ಕಾಗದ ಬರೆದದ್ದೂ ಅದೇ ಲಿಪಿಯಲ್ಲಿ. ಮೊಮ್ಮಗಳ ಶಾಲೆಯಲ್ಲಿ ಫಾರಂ ತುಂಬುವಾಗ "ಅಜ್ಜಿಗೆ ಓದು ಬರುತ್ತದೆಯೇ" ಎನ್ನುವ ಜಾಗದಲ್ಲಿ ಗುಮಾಸ್ತರು ಇಲ್ಲ ಎಂದು ಬರೆದರು. ನಾನು ಎದುರಿಗೇ ಕೂತಿದ್ದೆ, ನನ್ನನ್ನು ಕೇಳಲಿಲ್ಲ.

ಕುಂಬಳೆ ಟೀಚರ್

ಉಮ್ಮ, ನಿಮ್ಮ ಮಾತಿನಿಂದಲೇ ಮುಂದುವರಿಸುತ್ತೇನೆ. ನಮ್ಮ ಅಜ್ಜಿಯಂದಿರಿಗೆ ಓದು ಬರುತ್ತಿತ್ತು, ಆದರೆ ಓದು ಬಲ್ಲವರನ್ನು ಎಣಿಸುವವರಿಗೆ ಗೊತ್ತಿದ್ದ ಲಿಪಿಯಲ್ಲಿ ಅಲ್ಲ. ಅದೇ ರೀತಿ ಮದರಸ ಎಂದ ಕೂಡಲೇ ಶಾಲೆ ಇಲ್ಲ ಎಂದು ಅರ್ಥ ಮಾಡಿಕೊಳ್ಳುವವರು ಓದಿದವರಲ್ಲಿಯೂ ಇದ್ದಾರೆ. ದೇಶದಲ್ಲಿ ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳ ಪೈಕಿ ಮದರಸದಲ್ಲಿಯೇ ಓದುವವರು ಸುಮಾರು ಶೇಕಡಾ 3 ಎಂದು ಮುಸ್ಲಿಮರ ಸ್ಥಿತಿಗತಿಯ ಬಗ್ಗೆ 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ಹೇಳಿದೆ. ನಮ್ಮ ಕಡೆ ಮಕ್ಕಳು ಬೆಳಿಗ್ಗೆ ಮದರಸ ಮುಗಿಸಿ, ಅಲ್ಲಿಂದಲೇ ಚೀಲ ಬದಲಿಸಿ ಶಾಲೆಗೆ ಹೋಗುತ್ತಾರೆ.

ಮಾಷ್ಟ್ರು ಸಾರಾ ಅವರನ್ನು ನೆನೆದದ್ದು ಸರಿ, ಅವರ ಮಾತನ್ನು ಒಪ್ಪುತ್ತೇನೆ. ಆದರೆ ಸಾಹಿತ್ಯ ಓದುವವರ ಗೌರವ ಬೇರೆ, ಊರಿನ ಗೌರವ ಬೇರೆ. ಬಾನು ಮುಷ್ತಾಕ್ ಅವರನ್ನೇ ನೋಡಿ. ಚಿಕ್ಕವರಿದ್ದಾಗ ಶಿವಮೊಗ್ಗದ ಮಿಷನರಿ ಶಾಲೆಯಲ್ಲಿ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿತರೆ ಮಾತ್ರ ಮುಂದುವರಿಸುತ್ತೇವೆ ಎಂಬ ಷರತ್ತಿನ ಮೇಲೆ ಅವರನ್ನು ಸೇರಿಸಿಕೊಂಡಿದ್ದರು. ಬಂಡಾಯ ಸಾಹಿತ್ಯ ಚಳವಳಿಯ ಕಾಲದಿಂದ ಕನ್ನಡದಲ್ಲಿ ಕಥೆ ಬರೆದರು, ವಕೀಲರಾದರು, ರಾಜ್ಯದ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಅವರ ಹೆಸರು ಕೇಳಿದ್ದು ಮಾತ್ರ, ಆ ಕಥೆಗಳಿಗೆ ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ. ಆ ವಾರ ಎಲ್ಲರ ಸ್ಟೇಟಸ್ಸಿನಲ್ಲೂ ಅವರ ಚಿತ್ರ ಇತ್ತು, ಕನ್ನಡದ ಹೆಮ್ಮೆ ಎನ್ನುವ ಮಾತು ಇತ್ತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಬಾನು ಅವರು ಮೈಸೂರು ದಸರಾ ಉದ್ಘಾಟಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸೆಪ್ಟೆಂಬರ್ 19ರಂದು ಅರ್ಜಿ ವಜಾ ಆಗಿ, 22ರಂದು ಅವರು ಉದ್ಘಾಟಿಸಿದರು. ಇಂಗ್ಲಿಷಿನಿಂದ ಬಂದ ಗೌರವದ ಆಯುಷ್ಯ ಎಷ್ಟು ಎಂದು ಇದರಿಂದ ತಿಳಿಯಬಹುದು. ಮೇ ತಿಂಗಳಲ್ಲಿ ಹೊಗಳಿದವರೇ ಸೆಪ್ಟೆಂಬರಿನಲ್ಲಿ ತೆಗಳಿದರು ಎಂದು ನಾನು ಹೇಳುತ್ತಿಲ್ಲ. ಮೇ ತಿಂಗಳ ಹೊಗಳಿಕೆ ಸೆಪ್ಟೆಂಬರಿನಲ್ಲಿ ನನಗೆ ಪರಿಚಯವಿರುವವರ ಸ್ಟೇಟಸ್ಸುಗಳಲ್ಲಿ ಎಲ್ಲಿಯೂ ಕಾಣಿಸಲಿಲ್ಲ ಎಂದಷ್ಟೇ ಹೇಳುತ್ತೇನೆ.

ದುಬೈ ಕಾಸರಗೋಡು

ಇಲ್ಲಿ ದುಬೈಯಲ್ಲಿ ಯಾರಿಗೂ ಅಚ್ಚರಿ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯಲ್ಲಿ, ವಿಮಾನ ನಿಲ್ದಾಣದಲ್ಲಿ ತಲೆಗೆ ಶಾಲು ಹೊದ್ದ ಈಜಿಪ್ಟಿನವರು, ಪಾಕಿಸ್ತಾನದವರು, ಮಲೇಷ್ಯಾದವರು ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತಾರೆ. ನನ್ನ ಹೆಂಡತಿಯ ಇಂಗ್ಲಿಷ್ ಸುದ್ದಿಯಾಗುವುದು ಮಂಗಳೂರಿನಲ್ಲಿ ಇಳಿದ ಮೇಲೆಯೇ.

ತಳಂಗರೆಯ ಓದುಗ

ಸುದ್ದಿಯಾಗುವುದರ ಎರಡು ಮಾದರಿಗಳನ್ನು ನಮ್ಮ ಎರಡೂ ರಾಜ್ಯಗಳು ಕಂಡಿವೆ. 2019ರ ಡಿಸೆಂಬರ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಕರುವಾರಕುಂಡಿನ ಸರಕಾರಿ ಶಾಲೆಗೆ ರಾಹುಲ್ ಗಾಂಧಿ ಬಂದಾಗ, ಭಾಷಣವನ್ನು ಅನುವಾದಿಸಲು ಮಕ್ಕಳಲ್ಲಿ ಯಾರಾದರೂ ಬರುತ್ತೀರಾ ಎಂದು ಕೇಳಿದರು. ಶಿರವಸ್ತ್ರ ಧರಿಸಿದ್ದ ಪ್ಲಸ್ ಟು ಹುಡುಗಿಯೊಬ್ಬಳು ವೇದಿಕೆ ಹತ್ತಿ ಅವರ ಇಂಗ್ಲಿಷನ್ನು ಅಳುಕಿಲ್ಲದೆ ಮಲಯಾಳಕ್ಕೆ ತಂದಳು. ಕೇರಳವೆಲ್ಲ ಚಪ್ಪಾಳೆ ತಟ್ಟಿತು. ಎರಡು ವರ್ಷ ಕಳೆದು ಉಡುಪಿಯಲ್ಲಿ ಹಿಜಾಬಿನ ವಿವಾದ ಎದ್ದು, 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಕೊಟ್ಟು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಬರೆದರು. ಆ ತಿಂಗಳುಗಳಲ್ಲಿ ಟಿವಿಯ ಮುಂದೆ ಇಂಗ್ಲಿಷಿನಲ್ಲಿ ಉತ್ತರಿಸಿದ ಹುಡುಗಿಯರನ್ನು ಕಂಡು "ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ" ಎಂದವರನ್ನು ನಾನು ಬಲ್ಲೆ. ಬೇರೆಯವರ ಮಾತನ್ನು ಅನುವಾದಿಸಿದವಳಿಗೆ ಚಪ್ಪಾಳೆ, ತನ್ನ ಮಾತನ್ನು ತಾನೇ ಆಡಿದವಳಿಗೆ ಅನುಮಾನ. ತೀರ್ಪಿನ ಸರಿ ತಪ್ಪು ಇಲ್ಲಿಯ ವಿಷಯವಲ್ಲ, ಅದನ್ನು ಎಳೆದು ತರಬೇಡಿ.

ಬದಿಯಡ್ಕದ ನಿವೃತ್ತ ಅಧ್ಯಾಪಕ

ಅನುಮಾನದ ಮಾತನ್ನು ನಾನೂ ಕೇಳಿದ್ದೇನೆ, ಅದು ತಪ್ಪು. ಟೀಚರ್ ದಸರಾ ಬಗ್ಗೆ ಬರೆದದ್ದಕ್ಕೂ ನನ್ನ ಬಳಿ ಮರುಮಾತಿಲ್ಲ.

ಆದರೆ ಕನ್ನಡ ಶಾಲೆಗಳ ಪ್ರಶ್ನೆಯನ್ನು ಬಿಡಲಾರೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ದಿನದಿಂದ ಇಲ್ಲಿ ಕನ್ನಡ ಉಳಿದದ್ದು ಶಾಲೆಗಳಿಂದ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದದ್ದೂ ಅದೇ ಕಾರಣಕ್ಕೆ. ಮಂಜೇಶ್ವರ, ಕುಂಬಳೆ, ಉಪ್ಪಳ ಕಡೆಯ ಮುಸ್ಲಿಂ ಮಕ್ಕಳು ಬಾರದಿದ್ದರೆ ಎಷ್ಟೋ ಕನ್ನಡ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆ ಸಾಲದೆ ಡಿವಿಷನ್ (ತರಗತಿ) ಉಳಿಯುವುದಿಲ್ಲ.

ಕುಂಬಳೆ ಟೀಚರ್

ಮಾಷ್ಟ್ರೇ, ಒಂದು ನೇರ ಪ್ರಶ್ನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸಿ ಎಂದು ಅಧ್ಯಾಪಕರು ಮನೆಮನೆಗೆ ಹೋಗುತ್ತಾರಲ್ಲ, ಆಗ ಮುಸ್ಲಿಂ ಮನೆಗಳಲ್ಲಿ ನೀವು ಮಾತನಾಡಿದ್ದು ಯಾರ ಜೊತೆ?

ಬದಿಯಡ್ಕದ ನಿವೃತ್ತ ಅಧ್ಯಾಪಕ

ಮನೆಯ ಯಜಮಾನರ ಜೊತೆ. ಅವರು ಗಲ್ಫಿನಲ್ಲಿದ್ದರೆ ಅಣ್ಣನೋ ಮಾವನೋ ಜಗಲಿಗೆ ಬರುತ್ತಿದ್ದರು. ಹೆಂಗಸರು ಒಳಗೆ ಇರುತ್ತಿದ್ದರು, ಕರೆದು ಮಾತನಾಡಿಸುವುದು ಮರ್ಯಾದೆಯಲ್ಲ ಎಂದು ನಾವು ತಿಳಿದಿದ್ದೆವು. ಜೊತೆಗೆ ಬಂದ ಅಧ್ಯಾಪಿಕೆಯರು ಇದ್ದರೂ ಒಳಗೆ ಹೋಗುತ್ತಿರಲಿಲ್ಲ.

ಕುಂಬಳೆ ಟೀಚರ್

ಮಕ್ಕಳನ್ನು ಯಾವ ಶಾಲೆಗೆ ಕಳಿಸುವುದು ಎಂದು ನಮ್ಮ ಮನೆಗಳಲ್ಲಿ ಇಂದು ತೀರ್ಮಾನಿಸುವವರು ಹೆಚ್ಚಾಗಿ ತಾಯಂದಿರು, ಏಕೆಂದರೆ ಗಂಡಸರು ಊರಿನಲ್ಲಿ ಇರುವುದಿಲ್ಲ. ಉಮ್ಮ, ನೀವೇ ಹೇಳಿ, ಮೊಮ್ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಏಕೆ?

ಉಪ್ಪಳದ ಉಮ್ಮ (ಮಗಳು ಬರೆಯುತ್ತಿದ್ದಾಳೆ)

ಇಂಗ್ಲಿಷ್ ಬೇಕು ಎನ್ನುವುದು ಒಂದು. ಆದರೆ ಅದಕ್ಕಿಂತ ಮೊದಲಿನದು ರಸ್ತೆ. ಹೆದ್ದಾರಿ ಆರು ಪಥ ಆದ ಮೇಲೆ ಕನ್ನಡ ಶಾಲೆ ಆ ಬದಿಗೆ ಹೋಯಿತು, ನಮ್ಮ ಮನೆ ಈ ಬದಿಗೆ ಉಳಿಯಿತು. ಮದರಸ ಬಿಡುವ ಹೊತ್ತಿಗೆ ಇಂಗ್ಲಿಷ್ ಶಾಲೆಯ ವ್ಯಾನು ಗೇಟಿಗೇ ಬರುತ್ತದೆ. ಆರು ವರ್ಷದ ಹುಡುಗಿಯನ್ನು ಅಷ್ಟು ದೂರ ಸುತ್ತು ಹಾಕಿ ಅಂಡರ್‌ಪಾಸಿನಲ್ಲಿ ದಾಟಿಸಿ ದಿನಾ ಬಿಟ್ಟು ಬರಲು ಮನೆಯಲ್ಲಿ ಯಾರಿದ್ದಾರೆ? ಕನ್ನಡ ಶಾಲೆಗೆ ವ್ಯಾನು ಇದ್ದಿದ್ದರೆ, ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಬಾಯಿಬಿಟ್ಟು ಮಾತನಾಡಿಸುವ ಟೀಚರೊಬ್ಬರು ಇದ್ದಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆವು. ನನ್ನ ಮೂರನೆಯ ತರಗತಿ ಅದೇ ಶಾಲೆಯಲ್ಲಿ.

ಬದಿಯಡ್ಕದ ನಿವೃತ್ತ ಅಧ್ಯಾಪಕ

ವ್ಯಾನಿನ ವಿಷಯವನ್ನು ಆ ಶಾಲೆಯ ಈಗಿನ ಮುಖ್ಯೋಪಾಧ್ಯಾಯಿನಿಗೆ ತಿಳಿಸುತ್ತೇನೆ; ಅವರು ನನ್ನ ಶಿಷ್ಯೆ. ಪಿ.ಟಿ.ಎ. (ಪೋಷಕ-ಅಧ್ಯಾಪಕ ಸಂಘ) ಮತ್ತು ಪಂಚಾಯತು ಸೇರಿದರೆ ಬಾಡಿಗೆಯ ವ್ಯಾನು ಅಸಾಧ್ಯವಲ್ಲ. ಕುಂಬಳೆ ಟೀಚರೇ, ಮೇ ತಿಂಗಳಲ್ಲಿ ನಿಮಗೆ ರಜೆ ಇರುತ್ತದೆಯಲ್ಲ, ಒಂದೆರಡು ದಿನ ನಮ್ಮ ತಂಡದ ಜೊತೆ ಆ ಮನೆಗಳಿಗೆ ಬರುವಿರಾ? ಒಳಗೆ ಹೋಗಿ ಮಾತನಾಡುವವರು ನಮ್ಮಲ್ಲಿ ಯಾರೂ ಇಲ್ಲ.

ಕುಂಬಳೆ ಟೀಚರ್

ಬರುತ್ತೇನೆ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ಮತ್ತು ಹೊಸಂಗಡಿಯವಳನ್ನೂ ಕರೆತರುತ್ತೇನೆ.